ನೆಲಕ್ಕೆ ಚಳಿ ಉಣಿಸುವ ಬಾಲ್ಬಾರಾ

ಮಾರ್ಚ್ ಕೊನೆಯ ವಾರ, ಬೆಳಗಿನ ಆರು ಗಂಟೆ. ಉತ್ತರ ಧ್ರುವದ ಕಡೆಗೆ ಹರಿಯುವ ಯಾನಾ ನದಿಯ ದಂಡೆಯಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ನಮ್ಮೂರ ಶಾಲೆ ನಲವತ್ತೆರಡು ಮರದ ಕಂಬಗಳ ಮೇಲೆ ನಿಂತಿದೆ. ಅದರ ಅಡಿಯಿಂದ ಸಲಿಕೆಯ ಸದ್ದು ಬರುತ್ತಿದೆ. ಅರವತ್ತೆಂಟರ ಬಾಲ್ಬಾರಾ ಮೊಣಕಾಲೂರಿ, ಗಾಳಿ ತಂದು ಒಟ್ಟಿದ ಹಿಮವನ್ನು ಹೊರಗೆಳೆಯುತ್ತಿದ್ದಾರೆ. ಊರವರಿಗೆಲ್ಲ ಅವರು ‘ಎಬೇ’, ಅಂದರೆ ಅಜ್ಜಿ.

ಕುಡಿಯುವ ನೀರಿಗೆಂದು ಮಂಜುಗಡ್ಡೆ ಹೇರಿಕೊಂಡು ಬಂದ ನೆರೆಮನೆಯ ಖಬೀರಿಸ್ ಕೆಣಕುತ್ತಾನೆ: “ಎಬೇ, ಇವತ್ತೂ ಬಿಡ್ಲಿಲ್ವಾ? ಮಕ್ಕಳ ಕಾಲು ಮರಗಟ್ಟಿಸೋದೇ ನಿಮ್ಮ ಕೆಲಸ!”

“ನಿನ್ನ ನಾಲಿಗೆ ಮಾತ್ರ ಮರಗಟ್ಟಲ್ವಲ್ಲೋ. ಬಾ, ಒಂದು ಕೈ ಹಾಕು.”

ಇಲ್ಲಿ ನೆಲದೊಳಗೆ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿದ್ದರೆ ಮಾತ್ರ ಕಂಬ ನಿಲ್ಲುತ್ತದೆ. ಬೇಸಿಗೆ ವರ್ಷವರ್ಷಕ್ಕೂ ಉದ್ದವಾಗುತ್ತಿದೆ, ನೆಲ ಒಳಗೊಳಗೇ ಕರಗುತ್ತಿದೆ. ಹಿಮವೋ ಕಂಬಳಿಯಿದ್ದಂತೆ, ಹೊದ್ದು ಮಲಗಿದ ನೆಲಕ್ಕೆ ಚಳಿಗಾಲದ ಚಳಿ ತಾಗುವುದೇ ಇಲ್ಲ. ಆರು ವರ್ಷದ ಹಿಂದೆ ಶಾಲೆಯ ಒಂದು ಮೂಲೆ ಗೇಣುದ್ದ ಕುಸಿಯಿತು. ಆಗ ಬಾಲ್ಬಾರಾ ಅಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದರು.

“ತಪ್ಪು ನಂದೇ. ಮಕ್ಕಳ ಪಾದ ಬೆಚ್ಚಗಿರ್ಲಿ ಅಂತ ಕಂಬದ ಸುತ್ತ ಹಲಗೆ ಹೊಡೆದು ಹಿಮ ಒತ್ತಿದ್ದೆ. ನಮ್ಮಮ್ಮ ಮನೆಗೂ ಹಾಗೇ ಮಾಡ್ತಿದ್ಲು. ಆಗಿನ ನೆಲ ತಡ್ಕೊಳ್ತಿತ್ತು. ಈಗಿನದಕ್ಕೆ ಆ ತಾಕತ್ತಿಲ್ಲ.”

ಹಲಗೆಗಳನ್ನು ಅವರೇ ಕಿತ್ತರು. ಅಂದಿನಿಂದ ಪ್ರತಿ ವರ್ಷ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ದಿನಕ್ಕೆ ಮೂರು ತಾಸು, ಇಪ್ಪತ್ತು ಜಾರುಬಂಡಿ ತುಂಬ ಹಿಮ ಎಳೆದು ಹಾಕುತ್ತಾರೆ. ಕೆಲಸದಿಂದ ನಿವೃತ್ತರಾದ ಮೇಲೂ ಒಂದು ದಿನ ತಪ್ಪಿಸಿಲ್ಲ.

ಇವತ್ತು ಊರಿಗೆ ಊರೇ ಶಾಲೆಯ ಮುಂದೆ ನೆರೆದಿದೆ. ಪಟ್ಟಣದಿಂದ ನೆಲದ ಚಳಿ ಅಳೆಯುವ ಆಯ್ತಾಲ್ ಬಂದಿದ್ದಾನೆ. ನೆಲ ಸೊನ್ನೆಗಿಂತ ಒಂದು ಡಿಗ್ರಿಯಾದರೂ ಕೆಳಗಿರಬೇಕು. ಇಲ್ಲದಿದ್ದರೆ ಶಾಲೆಗೆ ಬೀಗ, ಇಪ್ಪತ್ತೇಳು ಮಕ್ಕಳೂ ಮುನ್ನೂರು ಕಿಲೋಮೀಟರ್ ದೂರದ ಹಾಸ್ಟೆಲಿಗೆ. ಹೋದ ವರ್ಷ ಅರ್ಧ ಡಿಗ್ರಿಯೂ ಇರಲಿಲ್ಲ, ಒಂದು ವರ್ಷದ ಗಡುವು ಸಿಕ್ಕಿತ್ತು.

ಕಂಬದ ಪಕ್ಕದ ಕೊಳವೆಯಲ್ಲಿ ಆಯ್ತಾಲ್ ಐದು ಮೀಟರ್ ಆಳಕ್ಕೆ ತಂತಿ ಇಳಿಬಿಡುತ್ತಾನೆ.

“ಎಷ್ಟಪ್ಪಾ? ಬೇಗ ಹೇಳು,” ಎನ್ನುತ್ತಾರೆ ಬಾಲ್ಬಾರಾ.

“ತಡೀರಿ ಎಬೇ, ಅಂಕಿ ನಿಲ್ಲಲಿ… ಮೈನಸ್ ಒಂದು ಪಾಯಿಂಟ್ ಏಳು!”

ನಂಬಿಕೆಯಾಗದೆ ಅವನೇ ಇನ್ನೊಮ್ಮೆ ಇಳಿಸುತ್ತಾನೆ. ಅದೇ ಅಂಕಿ! ಖಬೀರಿಸನ ತುಪ್ಪಳದ ಟೋಪಿ ಆಕಾಶಕ್ಕೆ ಹಾರುತ್ತದೆ. ಮಕ್ಕಳು ಕಿರುಚಿಕೊಂಡು ಬಾಲ್ಬಾರಾರನ್ನು ಹಿಮದಲ್ಲೇ ಕೆಡವುತ್ತಾರೆ. ಯಾರೋ ಬಿಸಿ ದೋಸೆ ತರುತ್ತಾರೆ. ಪದ್ಧತಿಯಂತೆ ಮೊದಲ ತುಂಡನ್ನು ಬಾಲ್ಬಾರಾ ನೆಲಕ್ಕಿಡುತ್ತಾರೆ.

“ನಿಮಗೇನು ಬೇಕು ಹೇಳಿ ಎಬೇ, ಬರ್ಕೊಂಡು ಹೋಗ್ತೀನಿ,” ಎನ್ನುತ್ತಾನೆ ಆಯ್ತಾಲ್.

“ಉಣ್ಣೆ ನೂಲು ಕಳಿಸು. ಎಲ್ಲರಿಗೂ ಕಾಲುಚೀಲ ಹೆಣೀತೀನಿ. ನೆಲ ತಣ್ಣಗಿರ್ಬೇಕು ಕಣಪ್ಪಾ, ಮಕ್ಕಳಲ್ಲ.”

ಮರುದಿನ ಗುರುವಾರ ಬೆಳಿಗ್ಗೆ, ಹೆಪ್ಪುಗಟ್ಟಿದ ನದಿಯ ಮೇಲಿನ ದಾರಿ ಹಿಡಿದು ಆಯ್ತಾಲ್ ಹೊರಟುಹೋದ. ಅವನೊಬ್ಬನೇ ಹೋದ, ಇಪ್ಪತ್ತೇಳು ಮಕ್ಕಳೂ ಊರಲ್ಲೇ ಉಳಿದರು.