ಸದ್ದಿಲ್ಲದ ಆಟದಲ್ಲಿ ನಾನು ಮಾಡಿದ್ದು

ಒಬ್ಬ ಹುಡುಗಿಗೆ ಕಿವಿ ಕೇಳಿಸುತ್ತಿಲ್ಲ ಎಂಬುದು ನಮ್ಮ ಶಾಲೆಯಲ್ಲಿ ಹತ್ತಿರ ಹತ್ತಿರ ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದಂತೆ ಮಾಡಿದವನು ನಾನು. ಬೇಕಂತಲೇ ಮಾಡಿದ್ದಲ್ಲ. ಆದರೂ ಮಾಡಿದ್ದು ನಾನೇ.

ಗೋಕಾಕದಲ್ಲಿ ಒಂದು ಹಳೆಯ ಮನೆ ಬಾಡಿಗೆ ಹಿಡಿದು ನಡೆಸುವ ಚಿಕ್ಕ ಶಾಲೆ ನಮ್ಮದು. ಮೂರರಿಂದ ಆರು ವರ್ಷದ ಇಪ್ಪತ್ತಾರು ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ. ಬೋರ್ಡಿನ ಮುಂದೆ ನಿಂತು ಎಲ್ಲರಿಗೂ ಒಂದೇ ಪಾಠ ಹೇಳುವುದು ಇಲ್ಲಿಲ್ಲ. ಮಗು ಕಪಾಟಿನಿಂದ ತನಗೆ ಬೇಕಾದ ಕೆಲಸ ತಾನೇ ಎತ್ತಿಕೊಂಡು, ಚಾಪೆ ಹಾಸಿಕೊಂಡು ಮಾಡುತ್ತದೆ. ಒಬ್ಬನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಕಾಳು ಸುರಿಯುತ್ತಾನೆ, ಒಬ್ಬಳು ಮಣಿ ಎಣಿಸುತ್ತಾಳೆ, ಇನ್ನೊಬ್ಬನು ಕಿಟಕಿ ನೋಡುತ್ತ ಕೂಡುತ್ತಾನೆ. ಕೂಡಲಿ ಅಂತ ಬಿಡಬೇಕು. ಮುಖ್ಯ ಶಿಕ್ಷಕಿಯನ್ನು ನಾವೆಲ್ಲ ಅಕ್ಕೋರು ಅನ್ನುತ್ತೇವೆ. ದಿನಾ ಹುಕ್ಕೇರಿಯಿಂದ ಬಸ್ಸಿಗೆ ಬರುತ್ತಾರೆ. ಈ ಪದ್ಧತಿಯ ತರಬೇತಿ ಪಡೆದವರು. ನಾನು ಅವರ ಸಹಾಯಕ. ಮಕ್ಕಳ ಬಾಯಲ್ಲಿ ಸಣ್ಣ ಸರ್.

ನಾನು ಮೇಲವಂಕಿಯವನು. ಎರಡನೆಯ ತರಗತಿಗೆ ಶಾಲೆ ಬಿಟ್ಟೆ. ಇಟ್ಟಿಗೆ ಭಟ್ಟಿಯಲ್ಲಿ, ಆಮೇಲೆ ಹೋಟೆಲಿನಲ್ಲಿ ದುಡಿದು, ಇಪ್ಪತ್ತಾರನೆಯ ವಯಸ್ಸಿಗೆ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿದೆ. ಪರೀಕ್ಷೆ ಕೋಣೆಗೆ ಹೋದರೆ ಹುಡುಗರು ನನ್ನನ್ನು ಮಾಸ್ತರ ಅಂದುಕೊಂಡು ಎದ್ದು ನಿಂತರು. ಬಿಟ್ಟ ಆ ಶಾಲೆಯ ಒಂದೇ ನೆನಪು ಉಳಿದಿದೆ. ಸಂಜೆ ಮಗ್ಗಿ ಹೇಳಿದವರು ಒಬ್ಬೊಬ್ಬರಾಗಿ ಮನೆಗೆ ಹೋಗಬೇಕು. ಕೊನೆಗೆ ನಾನೊಬ್ಬನೇ ನೆಲದ ಮೇಲೆ ಉಳಿಯುತ್ತಿದ್ದೆ.

ಅಕ್ಕೋರು ಮತ್ತು ನಾನು ಕೋಣೆಯಲ್ಲಿ ಮಾತಾಡುವುದು ಬಹಳ ಕಡಿಮೆ. ದೊಡ್ಡವರು ಆ ಮೂಲೆಯಿಂದ ಈ ಮೂಲೆಗೆ ಕೂಗಿದರೆ ಮಕ್ಕಳ ಗಮನ ಒಡೆಯುತ್ತದೆ. ಆದ್ದರಿಂದ ಎಲ್ಲಾ ಸನ್ನೆಯಲ್ಲೇ. ಅವರು ಒಂದು ಬೆರಳೆತ್ತಿದರೆ ತಡಿ, ಹೋಗಬೇಡ ಎಂದರ್ಥ. ಅಂಗೈ ಮೇಲೆ ಗೀರಿದರೆ ಇದನ್ನು ಬರೆದುಕೋ ಎಂದು. ಅವರು ಒಂದು ಮಗುವಿನ ಪಕ್ಕ ಕೂತು ಹೊಸ ಕೆಲಸ ತೋರಿಸುವಾಗ ಉಳಿದ ಇಪ್ಪತ್ತೈದನ್ನು ನಾನು ನೋಡಬೇಕು. ನೀರು ಚೆಲ್ಲಿದರೆ ಒರೆಸುವ ಬಟ್ಟೆ ಎಲ್ಲಿದೆ ಎಂದು ತೋರಿಸಬೇಕು, ಒರೆಸಬಾರದು. ಕಂಡದ್ದನ್ನು ಕಂಡ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮಕ್ಕಳು ಹೋದ ಮೇಲೆ ಚಹಾ ಕುಡಿಯುತ್ತ ಅಕ್ಕೋರು ಅದನ್ನು ಓದಿ, ನಾಳೆ ಯಾರಿಗೆ ಏನು ಕೊಡಬೇಕು ಎಂದು ಗೊತ್ತು ಮಾಡುತ್ತಾರೆ. ಅವರ ಕಣ್ಣು ಹೋಗದ ಕಡೆ ನನ್ನ ನೋಟ್‌ಬುಕ್ಕೇ ಅವರ ಕಣ್ಣು.

ನನಗೆ ತಡೆಯುವುದು ಕಷ್ಟವಾಗುತ್ತಿತ್ತು. ಮಗು ಗುಂಡಿ ಹಾಕಲು ಒದ್ದಾಡಿದರೆ ನನ್ನ ಕೈ ತಾನೇ ಮುಂದೆ ಹೋಗುತ್ತಿತ್ತು.

"ನಿಮ್ಮ ಕೈ ಎರಡೂ ಆ ಕಪಾಟಿನ್ಯಾಗ ಇಟ್ಟ ಕೀಲಿ ಹಾಕಬೇಕ್ ನೋಡ್ರಿ" ಎಂದು ಅಕ್ಕೋರು ಚೇಷ್ಟೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಹುಡುಗಿ ಬಂದಾಗ ಮೂರೂವರೆ ವರ್ಷ. ತಂದೆ ಲಾರಿಯ ಮೇಲೆ ಊರೂರು ತಿರುಗುತ್ತಾನೆ, ತಾಯಿ ಮನೆಯಲ್ಲಿ ಜಂಪರ್ ಹೊಲಿಯುತ್ತಾಳೆ. ಹುಡುಗಿ ಮಾತು ಆಡುತ್ತಿದ್ದದ್ದೇ ನಾಲ್ಕೈದು, ಅವೂ ತೊದಲು. ಮನೆಯಲ್ಲಿ ಉರ್ದು, ಇಲ್ಲಿ ಕನ್ನಡ, ಎರಡು ಮಾತಿನ ಮಕ್ಕಳಿಗೆ ತಡವಾಗುತ್ತದೆ ಎಂದುಕೊಂಡೆವು. ಮಾತಾಡು ಎಂದು ನಮ್ಮಲ್ಲಿ ಯಾರನ್ನೂ ಒತ್ತಾಯಿಸುವುದಿಲ್ಲ. ಕೆಲಸ ಮಾತ್ರ ಅಚ್ಚುಕಟ್ಟು. ಅಕ್ಕೋರು ಯಾವ ಕೆಲಸ ತೋರಿಸಿದರೂ ಬಾಯಿ ಮುಚ್ಚಿಕೊಂಡು ಕೈಯಿಂದಲೇ ನಿಧಾನವಾಗಿ ತೋರಿಸುತ್ತಾರೆ, ಪದ್ಧತಿಯೇ ಹಾಗೆ. ಅವಳು ಒಂದೇ ಸಲಕ್ಕೆ ಕಲಿಯುತ್ತಿದ್ದಳು. ನಮ್ಮಿಬ್ಬರ ಸನ್ನೆಗಳೂ ಅವಳಿಗೆ ಗೊತ್ತಿದ್ದವು. ಅಕ್ಕೋರು ಬೆರಳೆತ್ತಿದರೆ ನನಗಿಂತ ಮೊದಲು ಅವಳೇ ನಿಲ್ಲುತ್ತಿದ್ದಳು. ಎಂಥ ಶಾಣ್ಯಾ ಹುಡುಗಿ ಎಂದು ಇಬ್ಬರೂ ಮೆಚ್ಚಿಕೊಂಡೆವು.

ಶನಿವಾರ ಸದ್ದಿಲ್ಲದ ಆಟ. ಮಕ್ಕಳೆಲ್ಲ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ಕೂಡುತ್ತಾರೆ. ಅಕ್ಕೋರು ಬಾಗಿಲಾಚೆ ನಿಂತು ಒಬ್ಬೊಬ್ಬರ ಹೆಸರನ್ನು ಪಿಸುಗುಟ್ಟುತ್ತಾರೆ. ತನ್ನ ಹೆಸರು ಕೇಳಿಸಿದ ಮಗು ಸದ್ದಾಗದಂತೆ ಎದ್ದು ಅವರ ಬಳಿ ಹೋಗಬೇಕು. ನಾನು ಹಿಂದೆ ಗೋಡೆಗೆ ಒರಗಿ ಕೂಡುವವನು.

ಮೊದಲ ಸಲ ಅವಳ ಹೆಸರು ಬಂದಾಗ ಅವಳು ಏಳಲಿಲ್ಲ. ಅಕ್ಕೋರು ಮುಂದಿನ ಹೆಸರಿಗೆ ಹೋದರು. ಮಕ್ಕಳು ಒಬ್ಬೊಬ್ಬರೇ ಎದ್ದು ಹೋದರು, ನೆಲ ಖಾಲಿಯಾಗುತ್ತ ಬಂತು. ನಾನು ಗೋಡೆ ಬಿಟ್ಟು ಅವಳ ಹಿಂದಕ್ಕೆ ಸರಿದು ಕೂತೆ. ಮತ್ತೆ ಅವಳ ಹೆಸರು ಬಂದಾಗ ಬೆನ್ನಿಗೆ ಮೆಲ್ಲಗೆ ಬೆರಳು ತಾಗಿಸಿದೆ. ಎದ್ದು ಓಡಿದಳು. ನಕ್ಕಳು. ಆಮೇಲೆ ಪ್ರತಿ ಶನಿವಾರ ಹಾಗೇ ಮಾಡಿದೆ. ಬಾಗಿಲಾಚೆ ಇದ್ದ ಅಕ್ಕೋರಿಗೆ ನನ್ನ ಕೈ ಕಾಣುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದೆ: ಹೆಸರು ಕರೆದ ಕೂಡಲೇ ಎದ್ದಳು.

ಮುಂದಿನ ವರ್ಷ ಒಂದು ದಿನ ತಾಯಿ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, ಸಾಲಿಯಲ್ಲಿ ಕರೆದರೆ ಬರುತ್ತಾಳೋ ಇಲ್ಲವೋ ಎಂದು ಕೇಳಿದಳು. ಮನೆಯಲ್ಲಿ ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲವಂತೆ.

"ಒಂದ ಸಲಾ ಕರದ್ರ ಸಾಕ್ರಿ, ಎಲ್ಲಾರ್ಕಿಂತ ಮೊದಲ ಏಳತಾಳ" ಅಂದೆ. ಹೆಮ್ಮೆಯಿಂದಲೇ ಅಂದೆ.

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮಗಳ ನಿಶ್ಚಯಕ್ಕೆ ಬೆಲ್ಲದ ಬಾಗೇವಾಡಿಗೆ ಹೋಗಿ ಮೂರು ದಿನ ಇದ್ದೆ. ನಡುವೆ ಶನಿವಾರ ಬಂತು. ಸೋಮವಾರ ಬಂದಾಗ ಮಕ್ಕಳು ಆಗಲೇ ಕೆಲಸಕ್ಕೆ ಕೂತಿದ್ದರು, ಅಕ್ಕೋರು ಸಂಜೆಯ ಚಹಾದವರೆಗೆ ಕಾದಿರಲಿಲ್ಲ. ನನ್ನ ನೋಟ್‌ಬುಕ್ಕುಗಳನ್ನೆಲ್ಲ ಮುಂದೆ ಹರಡಿಕೊಂಡಿದ್ದರು. ಶನಿವಾರ ಎಲ್ಲ ಮಕ್ಕಳೂ ಎದ್ದು ಬಂದರಂತೆ, ಅವಳೊಬ್ಬಳು ಕೂತೇ ಇದ್ದಳಂತೆ. ನಾಲ್ಕು ಸಲ ಕರೆದರಂತೆ. ಕೊನೆಗೆ ಅವಳು ಕಣ್ಣು ತೆರೆದು ಗೋಡೆಯ ಕಡೆ, ನಾನು ಕೂಡುವ ಜಾಗದ ಕಡೆ ತಿರುಗಿ ನೋಡಿದಳಂತೆ.

"ನೀವು ಆಕೀನ್ನ ಮುಟ್ಟಿ ಎಬ್ಬಸ್ತಿದ್ರೇನ್ರಿ?"

ಹೌದು ಅಂದೆ.

"ಯಾವಾಗಿಂದ?"

ಮೊದಲಿಂದ ಅಂದೆ.

ಅಕ್ಕೋರು ಬೈಯಲಿಲ್ಲ. ಎದ್ದು ಹೋಗಿ, ಮಣಿ ಪೋಣಿಸುತ್ತಿದ್ದ ಆ ಹುಡುಗಿಯ ಹಿಂದೆ ನಿಂತು ಹೆಸರು ಹಿಡಿದು ಕರೆದರು. ಇನ್ನೂ ಜೋರಾಗಿ ಕರೆದರು. ಕೋಣೆಯ ಮಕ್ಕಳೆಲ್ಲ ತಲೆ ಎತ್ತಿದರು. ಅವಳು ಇನ್ನೊಂದು ಮಣಿ ಪೋಣಿಸಿದಳು.

ಬೆಳಗಾವಿಯಲ್ಲಿ ಪರೀಕ್ಷೆ ಆಯಿತು. ಎರಡೂ ಕಿವಿ ಬಹಳ ಮಂದ. ಕಿವಿಗೆ ಮಷಿನ್ ಹಾಕಬೇಕು, ಮಾತಿನ ತರಬೇತಿ ಕೊಡಿಸಬೇಕು. ಮಾತು ಬರುವ ವಯಸ್ಸಿನಲ್ಲಿ ಎರಡು ವರ್ಷ ಹೋಗಿಬಿಟ್ಟಿವೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ತಾಯಿಯನ್ನು ಕೇಳಿದರಂತೆ.

ತಾಯಿ ಶಾಲೆಗೆ ಬಂದಳು. ನಮ್ಮ ಗಮನಕ್ಕೆ ಬರುವುದೇ ತಡವಾಯಿತು ಎಂದು ಅಕ್ಕೋರು ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡು ಹೇಳಿದರು. ನನಗೆ ಸುಮ್ಮನಿರಲು ಆಗಲಿಲ್ಲ. ಬೆರಳಿನಿಂದ ಎಬ್ಬಿಸುತ್ತಿದ್ದದ್ದನ್ನು, ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಹೇಳಿದೆ. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸಿಟ್ಟು ಇರಲಿಲ್ಲ. ಲೆಕ್ಕ ಹಾಕುವವರ ಮುಖದ ಹಾಗಿತ್ತು.

"ಸಾಲ್ಯಾಗ ಬರತಾಳ ಅಂದ್ರಿ ನೀವು. ಹಂಗಾರ ಮನ್ಯಾಗ ಸೊಕ್ಕ ಮಾಡತಾಳ ಅನ್ಕೊಂಡ್ನಿ ಸರ್" ಅಂದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತಳು. "ಆವತ್ತಿನ್ ತನಾ ಒಂದ್ ಏಟ ಹಾಕಿದ್ದಿಲ್ಲ ನಾ. ಆಮ್ಯಾಲ ದಿನಾ ಹೊಡದೀನ್ರಿ."

ಅಷ್ಟು ಹೇಳಿ ಮಗಳ ಚೀಲ ತೆಗೆದುಕೊಂಡು ಹೋದಳು. ಈಗ ಇಬ್ಬರೂ ಮೂಡಲಗಿಯಲ್ಲಿ, ಅವಳ ತವರಿನಲ್ಲಿ ಇದ್ದಾರೆ.

ಕೆಲಸ ಬಿಡುತ್ತೇನೆ ಎಂದು ಅಕ್ಕೋರಿಗೆ ಹೇಳಿದೆ. ಅವರು ಕಪಾಟು ಒರೆಸುತ್ತಿದ್ದರು, ತಿರುಗಲಿಲ್ಲ. "ನಾನರ ಆಕೀನ್ನ ಒಮ್ಮಿ ಹಿಂದ ನಿಂತ ಕರದ್ನೇನ್ರಿ? ಎರಡ ವರ್ಷ ನಿಮ್ಮ ಪುಸ್ತಕಾ ಓದ್ಕೋಂತ ಕುಂತ್ನಿ" ಅಂದರು. ಅದು ಸಮಾಧಾನವಲ್ಲ ಎಂಬುದು ಅವರಿಗೂ ಗೊತ್ತಿತ್ತು.

ನಾನು ಬಿಡಲಿಲ್ಲ. ಬಿಟ್ಟರೆ ಮತ್ತೆ ಹೋಟೆಲೇ. ದಿನಾ ಕಪಾಟು ಜೋಡಿಸುತ್ತೇನೆ, ದಿನಾ ಬರೆಯುತ್ತೇನೆ. ಅಕ್ಕೋರು ಓದುತ್ತಾರೆ, ಓದಿದ ಮೇಲೆ ಆ ಮಗುವಿನ ಬಳಿ ಹೋಗಿ ತಾವೇ ಇನ್ನೊಮ್ಮೆ ನೋಡುತ್ತಾರೆ. ತಪ್ಪು ಅನ್ನಲಾರೆ. ಚಹಾ ಈಗಲೂ ಬರುತ್ತದೆ, ಬೇಗ ಮುಗಿಯುತ್ತದೆ. ಯಾವ ಮಗುವಾದರೂ ಗುಂಡಿ ಹಾಕಲು ಒದ್ದಾಡಿದರೆ ಏನು ಮಾಡಬೇಕೋ ನನಗೆ ತಿಳಿಯುವುದಿಲ್ಲ. ಹೋದರೂ ಕೆಡುಕು ಮಾಡುತ್ತೇನೆ, ನಿಂತರೂ ಮಾಡುತ್ತೇನೆ ಅನಿಸುತ್ತದೆ. ನಿಂತೇ ಇರುತ್ತೇನೆ.

ಅಕ್ಕೋರು ಆಗಾಗ ಮೂಡಲಗಿಗೆ ಫೋನ್ ಮಾಡುತ್ತಾರೆ. ಮಷಿನ್ ಹಾಕಿದರೆ ಹುಡುಗಿ ಚೀರಿ ಕಿತ್ತೆಸೆಯುತ್ತಾಳಂತೆ, ಅಜ್ಜಿ ಮತ್ತೆ ಹಾಕುತ್ತಾಳಂತೆ. ಮಾತು ಎಷ್ಟು ಬರುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಹೋದ ವಾರ ಮಾತಿನ ನಡುವೆ ಅಕ್ಕೋರು ಫೋನನ್ನು ನನ್ನ ಕಡೆ ಚಾಚಿದರು. ಆ ಕಡೆ ತಾಯಿ ಇದ್ದಳು. ಹಿಂದೆ ಎಲ್ಲೋ ಮಗು ಅಳುವುದು ನನಗೆ ಕೇಳಿಸುತ್ತಿತ್ತು. ನಾನು ಕೈ ಮುಂದೆ ಮಾಡಲಿಲ್ಲ. ಅಕ್ಕೋರು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ತಾವೇ ಮಾತಾಡಿ ಮುಗಿಸಿದರು.