ಗುರುವಾರದೊಳಗೆ ಓಡಬೇಕಾದ ಕಾರು

ನಾರ್ಬರ್ಟ್ ಗಾಯ್ಡಾ ಅಮೆರಿಕದ ಡಂಕರ್ಕ್ ಊರಿನ ಬೀದಿಗಳಲ್ಲಿ ಮೂವತ್ತೊಂದು ಚಳಿಗಾಲ ಹಿಮ ತಳ್ಳುವ ಲಾರಿ ಓಡಿಸಿದವನು. ಮುಂದೆ ಹಿಮ ಸರಿಸುವುದು, ಉಳಿದದ್ದು ಕರಗಲೆಂದು ಹಿಂದೆ ಉಪ್ಪು ಚೆಲ್ಲುವುದು. ಈರೀ ಸರೋವರದ ಗಾಳಿಗೆ ಊರೇ ಮುಚ್ಚಿಹೋದ ದಿನಗಳಲ್ಲಿ ಆಂಬುಲೆನ್ಸಿಗೂ ಅವನ ಲಾರಿಯೇ ದಾರಿ ಬಿಡಿಸಿಕೊಡಬೇಕಾಗಿತ್ತು. ಪಕ್ಕದ ಮನೆಯ ಐರೀನ್ ಮಾಲೆಕ್ ಮಾತ್ರ ಅವನನ್ನು ಆ ಉಪ್ಪಿನಿಂದ ಊರ ಕಾರುಗಳಿಗೆಲ್ಲ ತುಕ್ಕು ಹಿಡಿಸಿದವನು ಎಂದೇ ಕರೆಯುತ್ತಿದ್ದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು, ಬಾಯಿ ಜೋರು.

ನಾರ್ಬರ್ಟ್ ಮದುವೆಯಾಗಲಿಲ್ಲ. ತಾಯಿಯ ಜೊತೆಗೇ ಇದ್ದು, ತಾಯಿ ಹೋದಮೇಲೆ ಅದೇ ಮನೆಯಲ್ಲಿ ಒಬ್ಬನೇ ಉಳಿದ. ಈಗ ಅವನಿಗೆ ಅರವತ್ತಾರು. ಅವನ ಕಾರಿಗೆ ಇಪ್ಪತ್ತಾರು.

ಆ ನವೆಂಬರಿನಲ್ಲಿ ಕಾರು ಏರು ಸಿಕ್ಕಲ್ಲೆಲ್ಲ ಮುಗ್ಗರಿಸುತ್ತಿತ್ತು. ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿದೆ ಎಂದು ಅವನಿಗೆ ಗೊತ್ತಿತ್ತು. ಹೊಸದನ್ನು ತಂದಿಟ್ಟು ಮೂರು ವಾರವಾಗಿತ್ತು. ಮಂಗಳವಾರ ಬೆಳಗ್ಗೆ ಕೊನೆಗೂ ಮನಸ್ಸು ಮಾಡಿದ. ಪಂಪಿನ ಫ್ಯೂಸ್ ಕಿತ್ತು, ಪೈಪಿನಲ್ಲಿ ಉಳಿದ ಪೆಟ್ರೋಲ್ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬ್ಯಾಟರಿಯ ತಂತಿ ಬಿಚ್ಚಿ, ಕಾರಿನ ಹಿಂಭಾಗವನ್ನು ಎತ್ತಿ ನಿಲ್ಲಿಸಿ ಕೆಳಗೆ ನುಸುಳಿದ. ಫಿಲ್ಟರ್ ಕಬ್ಬಿಣದ ಡಬ್ಬಿಯಂತೆ ಕಾಣುತ್ತಿರಲಿಲ್ಲ, ಒಣಗಿದ ತೊಗಟೆಯಂತೆ ಕಾಣುತ್ತಿತ್ತು. ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿರುವಾಗ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ನಾರ್ಬರ್ಟ್, ನಾನು ಬರ್ನಿಸ್."

ಟೊಲೀಡೋದ ಅತ್ತಿಗೆ, ಅಣ್ಣ ಎಡ್ವಿನ್‌ನ ಹೆಂಡತಿ. ಹನ್ನೊಂದು ವರ್ಷದ ಮೇಲೆ ಕೇಳಿದ ದನಿ.

"ಎಡ್ವಿನ್ ಹೋಗ್ಬಿಟ್ಟ ಕಣೋ. ನಿನ್ನೆ, ಊಟಕ್ಕೆ ಕೂತಲ್ಲೇ. ಗುರುವಾರ ಮಣ್ಣು. ಬಂದ್ರೆ ಬಾ, ನಾನೇನೂ ಬಲವಂತ ಮಾಡಲ್ಲ."

"ಎಷ್ಟೊತ್ತಿಗೆ?"

"ಹತ್ತಕ್ಕೆ."

"ಸರಿ," ಎಂದ. ಫೋನ್ ಎದೆಯ ಮೇಲಿಟ್ಟುಕೊಂಡು ಒಂದು ಗಳಿಗೆ ಕಾರಿನ ತಳವನ್ನೇ ನೋಡಿದ. ಎಣ್ಣೆ ನಟ್ಟಿನಿಂದ ಜಿನುಗಿ ಕೊರಳ ಮೇಲೆ ಬಿತ್ತು. ಒರೆಸಿಕೊಂಡು ಸ್ಪ್ಯಾನರ್ ಕೈಗೆತ್ತಿಕೊಂಡ.

ಅಣ್ಣ ತಮ್ಮಂದಿರು ಮಾತು ಬಿಟ್ಟದ್ದು ತಾಯಿಯ ಆಸ್ಪತ್ರೆಯಲ್ಲಿ. ಉಸಿರಿನ ಯಂತ್ರ ನಿಲ್ಲಿಸಬಹುದೆಂದು ಡಾಕ್ಟರು ಹೇಳಿದಾಗ ನಾರ್ಬರ್ಟ್ ಇನ್ನೆರಡು ದಿನ ನೋಡೋಣ ಎಂದ. ಎಡ್ವಿನ್ ಹಿರಿಯ ಮಗ, ಇಂಥ ತೀರ್ಮಾನಕ್ಕೆಂದು ತಾಯಿ ಬರೆದುಕೊಟ್ಟ ಕಾಗದದಲ್ಲಿ ಅವನ ಹೆಸರಿತ್ತು, ಸಹಿ ಹಾಕಿದ. ಜಗಳವೇನೂ ನಡೆಯಲಿಲ್ಲ. ನಾರ್ಬರ್ಟ್ ಟೋಪಿ ಹಾಕಿಕೊಂಡು ಹೊರಗೆ ನಡೆದ, ಅಷ್ಟೆ. ಆಮೇಲೆ ಬಂದ ಕ್ರಿಸ್ಮಸ್ ಕಾರ್ಡುಗಳಿಗೆ ಉತ್ತರ ಬರೆಯಲಿಲ್ಲ. ನಾಲ್ಕನೇ ವರ್ಷದಿಂದ ಕಾರ್ಡುಗಳೂ ನಿಂತವು.

ಇಂಥ ಸುದ್ದಿ ಬಂದ ದಿನ ತನಗೆ ಏನಾದೀತು ಎಂದು ಅವನು ಎಷ್ಟೋ ಸಲ ಯೋಚಿಸಿದ್ದ. ಏನೂ ಆಗಲಿಲ್ಲ. ಇಂಜೆಕ್ಷನ್ ಕೊಟ್ಟ ದವಡೆಯನ್ನು ಮುಟ್ಟಿ ನೋಡಿಕೊಂಡ ಹಾಗಿತ್ತು. ಎಂಜಿನ್ ಕಡೆಯ ನಟ್ಟು ಬಿಚ್ಚಿಕೊಂಡಿತು. ಟ್ಯಾಂಕಿನ ಕಡೆಯದು ಕದಲಲಿಲ್ಲ. ಜೋರು ಮಾಡಿದ. ನಟ್ಟಿನ ಜೊತೆಗೆ ಪೈಪೂ ತಿರುಚಿಕೊಂಡು ಪಟ್ಟನೆ ಮುರಿಯಿತು. ಕೆಳಗಿಟ್ಟ ತಟ್ಟೆಗೆ ಕಾಫಿ ಬಣ್ಣದ ಪೆಟ್ರೋಲ್ ಸುರಿಯಿತು.

ಮುರಿದ ಬಾಯಿಗೆ ಬಿರಡೆ ಒತ್ತಿ, ಐರೀನಳ ಬಾಗಿಲು ತಟ್ಟಿದ. ಅವಳ ಪಿಕಪ್ಪಿನಲ್ಲಿ ಬಿಡಿಭಾಗಗಳ ಅಂಗಡಿಗೆ ಹೋಗಿ ಪೆಟ್ರೋಲಿನ ನೈಲಾನ್ ಪೈಪೂ ಎರಡು ಜೋಡಿಕೆಗಳನ್ನೂ ತಂದರು. ಬರುವಾಗ ಅವಳ ಬಲವಂತಕ್ಕೆ ಕಾಫಿ ಕುಡಿದ. ಮತ್ತೆ ಕಾರಿನ ಕೆಳಗೆ ಸೇರಿದಾಗ ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದಳು.

"ನಿನ್ನ ಉಪ್ಪು ನಿನ್ನನ್ನೇ ತಿಂತು ನೋಡು," ಎಂದಳು. "ಇಷ್ಟೊಂದು ಅವಸರ ಯಾಕೆ? ಎಲ್ಲಿಗೆ ಹೋಗ್ಬೇಕು?"

"ಟೊಲೀಡೋಗೆ. ಎಡ್ವಿನ್ ಸತ್ತ."

"ಯಾವಾಗ?"

"ನಿನ್ನೆ. ಬೆಳಗ್ಗೆ ಫೋನ್ ಬಂತು."

"ಬೆಳಗ್ಗೆಯಿಂದ ನನ್ನ ಜೊತೆ ಸುತ್ತಿದ್ದೀಯ, ಕಾಫಿ ಕುಡಿದಿದ್ದೀಯ, ಬಾಯಿ ಬಿಡಲಿಲ್ವಲ್ಲೋ ಮಾರಾಯ!"

"ಪೈಪ್ ಮುರಿದಿತ್ತಲ್ಲ."

ಐರೀನ್ ಟಾರ್ಚಿನ ಬೆಳಕನ್ನು ಹೊಸ ಫಿಲ್ಟರಿನ ಮೇಲೆ ಹಿಡಿದಳು. "ಬಾಣದ ಗುರುತು ಎಂಜಿನ್ ಕಡೆಗಿದೆಯಾ ನೋಡ್ಕೋ," ಎಂದಳು.

"ಇದೆ."

ಬ್ಯಾಟರಿ ಕಟ್ಟಿ ಫ್ಯೂಸ್ ಸಿಕ್ಕಿಸಿದ ಮೇಲೆ ಅವಳು ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು, ಅವನು ಕೆಳಗಿನಿಂದ ಜೋಡಿಕೆಗಳನ್ನು ಬೆರಳಲ್ಲಿ ಸವರಿ ನೋಡಿದ. ಮೂರು ಸಲ. ಬೆರಳು ಒಣಗಿಯೇ ಇತ್ತು. ನಾಲ್ಕನೇ ಸಲಕ್ಕೆ ಎಂಜಿನ್ ಚಾಲೂ ಆಯಿತು.

"ಜೊತೆಗೆ ಬರ್ಲಾ?" ಎಂದಳು ಐರೀನ್.

"ಬೇಡ."

ಗುರುವಾರ ಅವನು ನಸುಕಿಗೂ ಮುಂಚೆಯೇ ಹೊರಟ. ಕ್ಲೀವ್‌ಲ್ಯಾಂಡ್ ದಾಟುವಾಗಲೂ ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ. ಚರ್ಚಿನಲ್ಲಿ ಶವಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಎಡ್ವಿನ್ ತೆಳ್ಳಗಾಗಿದ್ದ, ಕನ್ನಡಕ ಹೊಸದು. ನಾರ್ಬರ್ಟ್ ನಿಂತು ನೋಡಿದ. ಹಿಂದೆ ಜನ ಕಾಯುತ್ತಿದ್ದರು, ಸರಿದು ದಾರಿ ಬಿಟ್ಟ. ಹೊರುವವರಲ್ಲಿ ಒಬ್ಬ ಬಂದಿರಲಿಲ್ಲ. ಬರ್ನಿಸ್ ಅವನತ್ತ ನೋಡಿದಳು. ಅವನು ಹೋಗಿ ಎಡಗಡೆಯ ಹಿಡಿಗೆ ಕೈ ಹಾಕಿದ.

ಮಣ್ಣಾದ ಮೇಲೆ ಚರ್ಚಿನ ಕೆಳಗಿನ ಹಾಲಿನಲ್ಲಿ ಊಟ. ಎಲೆಕೋಸಿನ ಎಲೆಯಲ್ಲಿ ಮಾಂಸ ಅನ್ನ ಸುತ್ತಿ ಬೇಯಿಸಿದ ಗೊವುಂಪ್ಕಿಯನ್ನು ಬರ್ನಿಸ್ ತಾನೇ ಅವನ ತಟ್ಟೆಗೆ ಬಡಿಸಿ ಎದುರಿಗೆ ಕೂತಳು.

"ಅಳು ಬಂತಾ?" ಎಂದು ಕೇಳಿದಳು, ಉಪ್ಪು ಸರಿಯಿದೆಯಾ ಎಂದು ಕೇಳುವವಳ ಹಾಗೆ.

"ಇಲ್ಲ."

"ನಂಗೂ ಇನ್ನೂ ಬಂದಿಲ್ಲ. ಎಲ್ಲರೂ ಕಾಯ್ತಾ ಇದಾರೆ, ಯಾವಾಗ ಅಳ್ತಾಳೆ ಅಂತ."

ಅವನು ತಟ್ಟೆ ಖಾಲಿ ಮಾಡಿದ. ಜನ ಕರಗಿದ ಮೇಲೆ ಇಬ್ಬರೂ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸತೊಡಗಿದರು. ಆಸ್ಪತ್ರೆಯ ವಿಷಯ ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

"ನಮ್ಮನೆ ನೆಲಮಾಳಿಗೆ ಬಾಗಿಲು ಸರಿಯಾಗಿ ಮುಚ್ಕೊಳ್ಳಲ್ಲ," ಎಂದಳು ಬರ್ನಿಸ್. "ಎಡ್ವಿನ್ ಈ ಭಾನುವಾರ ಸರಿ ಮಾಡ್ತೀನಿ ಅಂದಿದ್ದ."

"ಕೆಳಗೆ ತಗಲುತ್ತಾ, ಮೇಲಾ?"

"ಕೆಳಗೆ."

"ಹೆರೆಯೋಕೆ ಉಜ್ಜುಗೊರಡು ಇದೆಯಾ?"

"ಅವನ ಹತಾರದ ಪೆಟ್ಟಿಗೇಲಿ ಇರುತ್ತೆ."

ನಾರ್ಬರ್ಟ್ ಶನಿವಾರದವರೆಗೂ ಅಲ್ಲೇ ಉಳಿದ.