ನೀರಗಂಟಿ ಬಾಯಿ ಬಿಡದ ದಿನ

ಸಾವ್ಕಾರ ನನ್ನಪ್ಪನ ಗುದ್ದಲಿ ಕಿತ್ತು ಹಳ್ಳಕ್ಕೆ ಎಸೆದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ.

ಹಲಗೂರಿನ ಆಚೆ ಬೆಟ್ಟದಿಂದಿಳಿಯುವ ಹಳ್ಳಕ್ಕೆ ಅಪ್ಪ ನೀರಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿ ಬಿಡುವ ಕೆಲಸ, ತಾತನಿಂದ ಬಂದದ್ದು. ಆಗ ಯುದ್ಧದ ಕಾಲ. ಶಿಂಷಾದಲ್ಲಿ ಹುಟ್ಟಿದ ಕರೆಂಟು ನಮ್ಮ ತಲೆ ಮೇಲಿನ ತಂತಿಯಲ್ಲೇ ಬೇರೆ ಊರಿಗೆ ಹೋಗುತ್ತಿತ್ತು. ಮದ್ದೂರಿನಿಂದ ಬಂದು ಅಕ್ಕಿ ಗಿರಣಿ ಹಾಕಿದ್ದ ಸಾವ್ಕಾರ, ತಾನೇ ಹಳ್ಳಕ್ಕೆ ಕಟ್ಟೆ ಹಾಕಿ ಕರೆಂಟು ತೆಗೆಯುತ್ತೇನೆಂದು ಹೊರಟ. ಕಟ್ಟೆ ಎದ್ದರೆ ನೀರು ಕಾಲುವೆಯಲ್ಲಿ ಗಿರಣಿಗೆ ಹೋಗಿ ಆಚೆ ಕೊರಕಲಿಗೆ ಬೀಳುತ್ತದೆ. ಕೆಳಗಿನ ನಮ್ಮ ಗದ್ದೆಗೆ ತೊಟ್ಟೂ ಇಲ್ಲ.

"ತಳದಾಗೆ ಒಂದು ತೂಬು ಬುಡಿ ಬುದ್ದಿ, ಕೆಳಗ್ಲೋರೂ ಉಣ್ಬೇಕು," ಎಂದು ಅಪ್ಪ ಕೈಮುಗಿದ.

"ಕಟ್ಟೆ ನಂದು, ನೀರೂ ನಂದು. ಇನ್ನು ನೀರಗಂಟಿ ಯಾಕ್ಲಾ?" ಎಂದವನೇ ಗುದ್ದಲಿ ಎಸೆದ.

ಮಾರ್ಗಶಿರದಲ್ಲಿ ಸಾವ್ಕಾರ ಕರೆಸಿದ ಇಂಜಿನಿಯರು ಮಂಡ್ಯದಿಂದ ಬಂದು, ಕರೆಂಟಿಗೆ ನೀರು ಸಾಲುತ್ತದೆಯೇ ಎಂದು ಹಳ್ಳ ಅಳೆದರು. ಮಳೆ ನಿಂತು ತಿಂಗಳಾದರೂ ಮೊಣಕಾಲುದ್ದ ನೀರು. "ಪ್ರತಿ ವರ್ಷ ಮಳೆ ಹೋದ ಮೇಲೂ ಇಷ್ಟಿರುತ್ತೇನಯ್ಯ?" ಎಂದು ಅಪ್ಪನನ್ನು ಕೇಳಿದರು. ಅದು ಹಳ್ಳದ ನೀರೇ ಅಲ್ಲ! ಕುಯ್ಲಿಗೆ ಮುಂಚೆ ನೆಲ ಗಟ್ಟಿಯಾಗಲೆಂದು ಮೇಲಿನ ಹಳ್ಳಿಯವರು ಗದ್ದೆಯಿಂದ ಬಸಿದು ಬಿಟ್ಟದ್ದು. ಎಂಟು ದಿನಕ್ಕೆ ಮುಗಿಯುತ್ತದೆ. ಅಪ್ಪ ಬಾಯಿ ತೆರೆದ. ನೀರಿನ ವಿಷಯದಲ್ಲಿ ಮುಚ್ಚುಮರೆ ಮಾಡಿ ಗೊತ್ತಿಲ್ಲದ ಪುಣ್ಯಾತ್ಮ. ಅಲ್ಲೇ ಬಟ್ಟೆ ಒಗೆಯುತ್ತಿದ್ದ ನಾನು, ಹದಿನೇಳರ ಹುಡುಗಿ, ಎದ್ದು ಹೋಗಿ ಅವನ ತೋಳು ಚಿವುಟಿದೆ.

"ಅವನ್ನೇನು ಕೇಳ್ತೀರಿ ಸ್ವಾಮಿ," ಎಂದು ಸಾವ್ಕಾರನೇ ನಕ್ಕ. ಅಪ್ಪ ಬಾಯಿ ಮುಚ್ಚಿದ.

ಬೇಸಿಗೆಯಲ್ಲಿ ಕಟ್ಟೆ ಎದ್ದಿತು, ಮಳೆಯಲ್ಲಿ ತುಂಬಿ ಚೆಲ್ಲಿತು, ಸಾವ್ಕಾರ ಮೀಸೆ ತಿರುವಿದ. ಕಾರ್ತಿಕದಲ್ಲಿ ಅಮಲ್ದಾರರನ್ನು ಕರೆಸಿ ಪೂಜೆ ಇಟ್ಟ. ಅದು ಭತ್ತ ಹಾಲುಗಾಳು ಕಟ್ಟುವ ಹೊತ್ತು. ಮೇಲಿನವರು ಹನಿ ನೀರನ್ನೂ ಗದ್ದೆಯಲ್ಲೇ ಕಟ್ಟಿ ನಿಲ್ಲಿಸುತ್ತಾರೆ. ಹದಿನೈದು ದಿನ ಕಟ್ಟೆಯ ಬಾಯಿಗೆ ಹಲಗೆ ಇಳಿಸಿ ಕೂಡಿಸಿದ ನೀರಿನಲ್ಲಿ ಗಿರಣಿಯ ಚಕ್ರ ತಿರುಗಿತು, ಬಲ್ಬು ಹೊತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಗಳಾರತಿ ತಟ್ಟೆ ಸುತ್ತಿ ಬರುವಷ್ಟರಲ್ಲಿ ಬಲ್ಬು ಕೆಂಪಾಗಿ ಆರಿಹೋಯಿತು. ಕಟ್ಟೆಯಲ್ಲಿ ಬರೀ ಕೆಸರು. ಅಯ್ಯೋ, ಸಾವ್ಕಾರನ ಮುಖ ನೋಡಬೇಕಿತ್ತು! ನನಗೆ ಹೊಟ್ಟೆ ತಣ್ಣಗಾಯಿತು.

ಅಮಲ್ದಾರರೇ ಅಪ್ಪನನ್ನು ಕರೆಸಿದರು. ಅಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ.

"ಮೊದ್ಲೇ ಯಾಕ್ಲಾ ಬೊಗಳ್ಲಿಲ್ಲ?" ಸಾವ್ಕಾರ ಕಿರುಚಿದ.

"ಆಗ ನಾನು ನೀರಗಂಟಿ ಅಲ್ವಲ್ಲ ಬುದ್ದಿ."

ಅಮಲ್ದಾರರು ಹಲಗೆ ಎತ್ತಿಸಿದರು. ಅಷ್ಟರಲ್ಲಿ ನಮ್ಮ ಗದ್ದೆ ಬಿರುಕು ಬಿಟ್ಟು ಅರ್ಧ ಬೆಳೆ ಜೊಳ್ಳಾಗಿತ್ತು. ಅಪ್ಪ ಜೊಳ್ಳು ತೆನೆಯೊಂದನ್ನು ತಂದು ನನ್ನ ಕೈಗಿಟ್ಟು, "ಇದು ನೀನು ಚಿವುಟಿದ್ದು ಕಣವ್ವ," ಎಂದ. ಆ ವರ್ಷವೆಲ್ಲ ಮನೆಯಲ್ಲಿ ಅನ್ನವಿಲ್ಲ, ಮುದ್ದೆಯೇ. ಪ್ರತಿ ತುತ್ತನ್ನೂ ಆ ಆರಿದ ಬಲ್ಬನ್ನು ನೆನೆದೇ ನುಂಗಿದೆ.